ಅಜ್ಜಿಯ ಮಂಡಿನೋವು

ಮುಖ್ಯ ರಸ್ತೆಯ ರೆಡಿಮೇಡ್ ಬಟ್ಟೆ ಅಂಗಡಿಯ ಹಿಂಬದಿಯಲ್ಲಿ, ಟ್ರಯಲ್ ರೂಮಿಗೂ ಗೋದಾಮಿಗೂ ನಡುವೆ, ಒಂದು ಹೊಲಿಗೆ ಯಂತ್ರ ಮತ್ತು ಒಂದು ಇಸ್ತ್ರಿ ಮೇಜು ಹಿಡಿಸುವಷ್ಟು ಜಾಗವಿದೆ. ಅಲ್ಲಿ ಕೂತು ಕೆಲಸ ಮಾಡುವವಳಿಗೆ ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಾರೆ. ಅವಳಿಗಿಂತ ಎಷ್ಟೋ ದೊಡ್ಡವರಾದ ಗಿರಾಕಿಗಳೂ ಅಕ್ಕ ಎಂದೇ ಕರೆಯುತ್ತಾರೆ. ಪ್ಯಾಂಟು ಸಂಜೆಯೊಳಗೆ ಬೇಕು ಅನ್ನುವವರಿಗೆ ವಯಸ್ಸಿನ ಲೆಕ್ಕ ಇರುವುದಿಲ್ಲ. ಹೊಸ ಬಟ್ಟೆ ಹೊಲಿಯುವುದು ಅವಳ ಕೆಲಸವಲ್ಲ. ಕಾರ್ಖಾನೆಯವರು ಕಣ್ಣಿಗೆ ಕಾಣದ ಯಾವನೋ ಒಬ್ಬನ ಅಳತೆಗೆ ಹೊಲಿದು ಕಳಿಸಿದ್ದನ್ನು ಎದುರಿಗೆ ನಿಂತ ಮನುಷ್ಯನ ಮೈಗೆ ಒಗ್ಗಿಸಿ ಕೊಡುವುದು ಅವಳ ಕೆಲಸ. ಕಾಲು ಉದ್ದವಾದರೆ ಮಡಚಬೇಕು, ಸೊಂಟ ಬಿಗಿಯಾದರೆ ಬಿಚ್ಚಿ ಸಡಿಲ ಮಾಡಬೇಕು, ತೋಳು ಬೆರಳು ಮುಚ್ಚಿದರೆ ಕತ್ತರಿಸಬೇಕು.

ಈ ಕೆಲಸಕ್ಕೆ ಕೈಗಿಂತ ಕಣ್ಣು ಮುಖ್ಯ. ಗಿರಾಕಿ ಪರದೆ ಸರಿಸಿ ಕನ್ನಡಿಯ ಮುಂದೆ ಬಂದು ನಿಲ್ಲುವಷ್ಟರಲ್ಲಿ ಅವನ ಎಡಭುಜ ಇಳಿದಿದೆಯೋ, ಒಂದು ಕಾಲು ಗಿಡ್ಡವೋ ಅವಳಿಗೆ ಗೊತ್ತಾಗಿಬಿಡುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಕಾಲಿಗೂ ಒಂದೇ ಅಳತೆ ಹಾಕಿ ಅಂತ ಜಬರ್ದಸ್ತು ಮಾಡಿದವನ ಪ್ಯಾಂಟಿಗೂ ಗುಟ್ಟಾಗಿ ಒಂದು ಕಾಲನ್ನು ಅರ್ಧ ಬೆರಳು ಹೆಚ್ಚು ಮಡಚಿ ಹೊಲಿಯುತ್ತಾಳೆ. ಅವನು ಕನ್ನಡಿ ನೋಡಿಕೊಂಡು, ನೋಡಿ, ನಾನು ಹೇಳಿದ ಹಾಗೆ ಮಾಡಿದ್ದಕ್ಕೇ ಸರಿಯಾಯ್ತು ಎನ್ನುತ್ತಾನೆ. ಅವಳು ಹೂಂ ಎನ್ನುತ್ತಾಳೆ. ಇಂಥ ಕಣ್ಣಿನವಳಿಗೆ ತನ್ನ ಮನೆಯಲ್ಲಿ ಏನು ಕಾಣಲಿಲ್ಲ ಎಂಬುದೇ ಇಲ್ಲಿ ಹೇಳಹೊರಟಿರುವ ಕಥೆ. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳಿಗೆ ಒಬ್ಬ ಅಣ್ಣ ಇದ್ದ, ಅವಳಿಗಿಂತ ಬಹಳ ದೊಡ್ಡವನು. ಓಡಾಡುವ ವಯಸ್ಸಿಗೆ ಬೀಳತೊಡಗಿದ. ಶಾಲೆ ಮುಗಿಯುವ ಮೊದಲೇ ನಡಿಗೆ ನಿಂತಿತು. ಮೀಸೆ ಚಿಗುರುವ ಹೊತ್ತಿಗೆ ಉಸಿರೇ ನಿಂತಿತು. ಮಾಂಸಖಂಡಗಳು ಒಂದೊಂದಾಗಿ ಸವೆದುಹೋಗುವ ಕಾಯಿಲೆ ಅದು. ಆಸ್ಪತ್ರೆಯವರು ಅದಕ್ಕೆ ಉದ್ದನೆಯ ಹೆಸರು ಹೇಳಿದ್ದರು. ಮನೆಯಲ್ಲಿ ಮಾತ್ರ ಅದು ಯಾವಾಗಲೂ 'ಅಣ್ಣನ ಕಾಯಿಲೆ'. ತಂಗಿಗೆ ಬುದ್ಧಿ ಬರುವ ಹೊತ್ತಿಗೆ ಅವನು ಗಾಲಿಕುರ್ಚಿಯಲ್ಲಿ ಕೂತಾಗಿತ್ತು. ಅವನು ನಡೆದದ್ದಾಗಲಿ ಎದ್ದದ್ದಾಗಲಿ ಅವಳ ನೆನಪಿನಲ್ಲಿ ಇಲ್ಲ. ನೆನಪಿರುವುದು ಇಷ್ಟು: ಕೊನೆಕೊನೆಗೆ ಮೂಗಿನ ಮೇಲೆ ಕೂತ ನೊಣ ಓಡಿಸಲೂ ಅವನಿಗೆ ಇನ್ನೊಬ್ಬರ ಕೈ ಬೇಕಾಗಿತ್ತು, ಅವಳು ಪಕ್ಕದಲ್ಲಿ ಕೂತು ಒಂದು ಕೈಯಲ್ಲಿ ಹೋಂವರ್ಕ್ ಬರೆಯುತ್ತ ಇನ್ನೊಂದು ಕೈಯಲ್ಲಿ ನೊಣ ಓಡಿಸುತ್ತಿದ್ದಳು. ಅವನನ್ನು ಎತ್ತುವುದು, ಹೊರಳಿಸುವುದು, ತೊಳೆಯುವುದು ಎಲ್ಲ ಅಮ್ಮನದು.

ಮದುವೆಗೆ ಮುಂಚೆ ಅವಳು ಹೋಗಿ ಡಾಕ್ಟರನ್ನು ಕಂಡಳು. ರಕ್ತ ನೋಡಿ ಅವರು ಹೇಳಿದರು, ನಿಮ್ಮಲ್ಲಿ ಅದು ಇದೆ, ತಾಯಿಯಿಂದ ಬಂದಿದೆ, ಗಂಡುಮಗು ಹುಟ್ಟಿದರೆ ಬರಲೂಬಹುದು, ಬಾರದೆಯೂ ಇರಬಹುದು. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅವರು ಸುಮ್ಮನೆ ಹೊತ್ತು ಮುಂದಕ್ಕೆ ದಾಟಿಸುತ್ತಾರೆ ಅಷ್ಟೆ. ಈ 'ಸಾಮಾನ್ಯವಾಗಿ' ಎನ್ನುವ ಮಾತು ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಮನೆಗೆ ತಲುಪಿದ್ದು ಹೆಣ್ಣಿಗೆ ಬರಲ್ಲ ಎನ್ನುವುದು ಮಾತ್ರ. ಮನುಷ್ಯರು ಎಲ್ಲ ಕಡೆ ಹೀಗೇ, ಭಾರದ ಚೀಲದಿಂದ ತಮಗೆ ಬೇಡವಾದದ್ದನ್ನೇ ಮೊದಲು ಇಳಿಸುತ್ತಾರೆ.

ಮಗು ಹೆಣ್ಣೇ ಆಯಿತು. ಹೆರಿಗೆ ಕೋಣೆಯ ಹೊರಗೆ ಬಾಯಿ ಒಣಗಿಸಿಕೊಂಡು ನಿಂತಿದ್ದ ಅಮ್ಮನಿಗೆ ಆ ಮಾತು ಕೇಳಿ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಕೂಸಿನ ಅಂಗಾಲು, ಅಂಗೈ ಊದಿಕೊಂಡಿದ್ದವು. ಇಳಿಯುತ್ತೆ ಬಿಡಿ ಎಂದಳು ನರ್ಸ್, ಇಳಿಯಿತು ಕೂಡ. ಹೊಲಿಗೆಯಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಊರಿನ ಬೈಗುಳ ತಿಂದು ಮನೆಗೆ ಬಂದಮೇಲೆ ತಮಾಷೆ ಮಾಡದಿದ್ದರೆ ಅವನಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ಮಗುವನ್ನು ಮೊದಲ ಸಲ ಎತ್ತಿಕೊಂಡು, ಇಷ್ಟು ಚಿಕ್ಕದು, ಇಷ್ಟು ಗುಂಡಗೆ, ನಿನ್ನ ಡಬ್ಬಿಯಿಂದ ಬಿದ್ದ ಬಟನ್ ಕಣೆ ಇದು ಎಂದ. ಹಾಗೆ ಅವಳು ಬಟನ್ ಆದಳು. ಇನ್ನೊಂದು ಮಗು ಅಂತ ಯಾರೋ ಕೇಳಿದಾಗ ಅವನು, ಗೆದ್ದಾಗಲೇ ಆಟದಿಂದ ಎದ್ದುಬಿಡಬೇಕು ಅಂದ. ಹೊಲಿಗೆಯಕ್ಕನಿಗೂ ಅದೇ ಅನ್ನಿಸಿತ್ತು. ಅಣ್ಣನ ಕಾಯಿಲೆ ಈ ಮನೆಯಲ್ಲಿ ತನ್ನೊಂದಿಗೆ ನಿಲ್ಲಲಿ, ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಬೆಳೆಯುವ ಮಕ್ಕಳ ಬಟ್ಟೆಗೆ ಕೆಳಗೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಒಳಗೆ ಮಡಚಿ ಹೊಲಿಯುವುದು ಅವಳ ಪದ್ಧತಿ. ಮಗು ಎತ್ತರವಾದ ಹಾಗೆ ಮಡಿಕೆ ಬಿಚ್ಚಿ ಇಳಿಸಬಹುದು. ಬಟನ್‌ಗೆ ನಾಲ್ಕು ತುಂಬಿದಾಗ ಹೊಲಿದ ನೀಲಿ ಫ್ರಾಕಿನ ಮಡಿಕೆ ಅವಳಿಗೆ ಆರಾದರೂ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಅಂಗಡಿಯಲ್ಲಿ ಹೇಳಿಕೊಂಡರೆ, ನಿನ್ನ ಮಗಳು ಜಾಣೆ, ಅಮ್ಮನಿಗೆ ಕೆಲಸ ಕಡಿಮೆ ಮಾಡ್ತಿದಾಳೆ ಅಂತ ನಕ್ಕರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುವ ಮಾತನ್ನು ಬಂದುಹೋದವರೆಲ್ಲ ಹೇಳಿ ಸವೆಸಿದರು. ಕೀರ್ತಿ ಯಾವುದು ಎಂದು ಕೇಳಿದರೆ ಅವಳ ಮೀನಖಂಡ. ಗಿಡ್ಡ ಮೈಗೆ ಆಟಗಾರರ ಹಾಗೆ ದಪ್ಪ ಮೀನಖಂಡಗಳು. ಅಪ್ಪ ಅದನ್ನು ಹಿಡಿದು, ಇದು ಡ್ರೈವರ್ ಮಗಳ ಕಾಲು, ಬ್ರೇಕ್ ಒತ್ತೋಕೆ ಹೇಳಿ ಮಾಡಿಸಿದ್ದು ಎನ್ನುತ್ತಿದ್ದ.

ಅದೇ ಹೊತ್ತಿನಲ್ಲಿ ಅಜ್ಜಿಗೆ ಮಂಡಿನೋವು ಶುರುವಾಯಿತು. ಹೊಲಿಗೆಯಕ್ಕನ ಅಮ್ಮ ಇವರೊಟ್ಟಿಗೇ ಇದ್ದವಳು. ಮಗಳು ಅಂಗಡಿಯಿಂದ ಚೀಲದಲ್ಲಿ ತರುವ ಬಟ್ಟೆಗಳ ಹಳೆ ಹೊಲಿಗೆ ಬಿಚ್ಚುವುದು ಅವಳ ಪಾಲಿನ ಕೆಲಸ. ಕಿಟಕಿಯ ಬಳಿ ನೆಲದ ಮೇಲೆ ಕೂತು ಅರ್ಧ ಬ್ಲೇಡು ಹಿಡಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾರ ತೆಗೆಯುತ್ತಾಳೆ. ಅಂಥ ಗಟ್ಟಿಗಿತ್ತಿ ಒಂದು ದಿನ ಏಳುವಾಗ ಅಯ್ಯೋ ಅಂದಳು. ಅವತ್ತಿನಿಂದ ಏಳಬೇಕಾದರೆ ಮೊದಲು ಅಂಗೈ ನೆಲಕ್ಕೆ ಊರುವುದು, ಆಮೇಲೆ ಕೈಗಳನ್ನು ಮಂಡಿಗೆ ತರುವುದು, ಅಲ್ಲಿಂದ ತೊಡೆಗೆ, ಹೀಗೆ ತನ್ನ ಮೈಯನ್ನು ತಾನೇ ಹತ್ತಿಕೊಂಡು ನಿಲ್ಲುವುದು. ಮಗಳು ಎಣ್ಣೆ ಹಚ್ಚಿದಳು. ಅಳಿಯ ಮಂಡಿಗೆ ಹಾಕುವ ಎಲಾಸ್ಟಿಕ್ ಪಟ್ಟಿ ತಂದುಕೊಟ್ಟ. ಅದು ಒಂದು ದಿನ ಬಲಗಾಲಲ್ಲಿ ಇರುತ್ತಿತ್ತು, ಇನ್ನೊಂದು ದಿನ ಎಡಗಾಲಲ್ಲಿ. "ಅತ್ತೆ, ನಿಮ್ಮ ನೋವಿಗೆ ವಾರಕ್ಕೊಂದು ಸಲ ಟ್ರಾನ್ಸ್‌ಫರ್ ಆಗುತ್ತಾ?" ಎಂದು ಅವನು ಕೇಳಿದರೆ, "ವಯಸ್ಸಾಗಲಿ, ನಿಮಗೂ ಆರ್ಡರ್ ಬರುತ್ತೆ" ಎನ್ನುತ್ತಿದ್ದಳು.

ಬಟನ್ ಕೂಡ ಹಾಗೇ ಏಳುತ್ತಿದ್ದಳು. ಅಂಗೈ, ಮಂಡಿ, ತೊಡೆ, ಆಮೇಲೆ ಬೆನ್ನು. ಅಜ್ಜಿಯ ಪಡಿಯಚ್ಚು ಎಂದು ಮನೆಯವರು ನಕ್ಕು ನಕ್ಕು ಸುಸ್ತಾದರು. ಯಾರಾದರೂ ಮನೆಗೆ ಬಂದರೆ ಹೊಲಿಗೆಯಕ್ಕನೇ, "ಬಟನ್, ಅಜ್ಜಿ ಹೇಗೆ ಏಳ್ತಾಳೆ ತೋರ್ಸು" ಎನ್ನುತ್ತಿದ್ದಳು. ಹುಡುಗಿ ನೆಲದ ಮೇಲೆ ಕೂತು, ತನ್ನ ಪದ್ಧತಿಯಲ್ಲಿ ಎದ್ದು ನಿಂತು, ಎಲ್ಲರ ಮುಖ ನೋಡುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಒಂದು ಸಲ ಮಾತ್ರ ಅವಳು ತೋರಿಸುವ ಮೊದಲು ಮುಖ ಸಿಂಡರಿಸಿ ಅಂದಳು, "ನಾನು ಅಜ್ಜಿ ಥರ ಏಳಲ್ಲ. ಅಜ್ಜಿ ನನ್ನ ಥರ ಏಳ್ತಾಳೆ." ಆ ದಿನ ನಗು ಇನ್ನೂ ಜೋರಾಯಿತು. ಮೊಮ್ಮಗಳೇ ಅಜ್ಜಿಗೆ ಪಾಠ ಹೇಳಿದಳು ಎಂದು ಅಪ್ಪ ಆ ಮಾತನ್ನು ಬಸ್ ಡಿಪೋದವರೆಗೂ ಒಯ್ದ. ಅಜ್ಜಿ ನಗಲಿಲ್ಲ; ಬ್ಲೇಡು ಕೈಯಲ್ಲಿದ್ದಾಗ ಅವಳು ನಗುವವಳಲ್ಲ.

ಮನೆ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅಜ್ಜಿ ಮೊಮ್ಮಗಳು ಇಬ್ಬರೂ ಒಟ್ಟಿಗೆ ಹತ್ತುತ್ತಿದ್ದರು, ಕಂಬಿ ಹಿಡಿದು, ನಿಂತು ನಿಂತು. ಮೊದಲ ಮಹಡಿಯವರು ಬಾಗಿಲು ತೆರೆದು ನೋಡಿ, ಪಾಪ ಆ ಮಗು ಅಜ್ಜಿಗೋಸ್ಕರ ಎಷ್ಟು ನಿಧಾನ ಹತ್ತುತ್ತೆ, ಈ ಕಾಲದ ಮಕ್ಕಳಲ್ಲಿ ಇಂಥ ಗುಣ ಎಲ್ಲಿದೆ ಎನ್ನುತ್ತಿದ್ದರು. ಹೊಲಿಗೆಯಕ್ಕನಿಗೆ ಅದನ್ನು ಕೇಳಿ ಹೆಮ್ಮೆಯಾಗುತ್ತಿತ್ತು.

ಏಳನೇ ವರ್ಷದಲ್ಲಿ ಶಾಲೆಯ ಟೀಚರ್ ಕರೆಸಿ, ಮಗು ಆಟದಲ್ಲಿ ತುಂಬಾ ಬೀಳ್ತಾಳೆ, ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕೋದೇ ಇಲ್ಲ, ಎತ್ತರಕ್ಕೆ ಒಮ್ಮೆ ತೋರಿಸಿ ಎಂದರು. ಎತ್ತರಕ್ಕೆ ಅಂತಲೇ ಅವಳು ಮಗಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಕುತ್ತಿಗೆಯ ಅಗಲ ನೋಡಿದರು, ಅಂಗೈ ತಿರುಗಿಸಿ ನೋಡಿದರು, ಹುಟ್ಟಿದಾಗ ಕಾಲು ಊದಿತ್ತಾ ಎಂದು ಕೇಳಿದರು. ರಕ್ತ ತೆಗೆಸಿದರು. ಕಾಗದ ಹಾಸಿದ ತಪಾಸಣೆಯ ಮಂಚದಿಂದ ಇಳಿದ ಬಟನ್ ತುದಿಗಾಲಲ್ಲಿ ಎರಡು ಹೆಜ್ಜೆ ಇಟ್ಟದ್ದನ್ನು ಕಂಡು ಅವರ ಕೈಯಲ್ಲಿದ್ದ ಪೆನ್ನು ನಿಂತಿತು.

"ಪುಟ್ಟಿ, ನೆಲದ ಮೇಲೆ ಕೂತ್ಕೋ. ಈಗ ಎದ್ದೇಳು, ನೋಡೋಣ."

ಬಟನ್‌ಗೆ ಇದು ಗೊತ್ತಿರುವ ಆಟ. ಅಂಗೈ ಊರಿದಳು, ಮಂಡಿ ಹಿಡಿದಳು, ತೊಡೆ ಹಿಡಿದಳು, ನಿಂತಳು. ನಿಂತು ಡಾಕ್ಟರಮ್ಮನ ಮುಖ ನೋಡಿದಳು, ಆಮೇಲೆ ಅಮ್ಮನ ಮುಖ ನೋಡಿದಳು. ಚಪ್ಪಾಳೆ ಬರಲಿಲ್ಲ.

"ಯಾವಾಗಿಂದ ಹೀಗೆ ಏಳ್ತಾಳೆ?"

"ಅವರಜ್ಜಿಗೆ ಮಂಡಿನೋವು ಡಾಕ್ಟ್ರೇ. ಅವರನ್ನ ನೋಡಿ ಕಲ್ತಿದಾಳೆ."

ಡಾಕ್ಟರಮ್ಮ ಮಗುವಿನ ಮೀನಖಂಡ ಒತ್ತಿ ನೋಡಿದರು. "ಮನೇಲಿ ಯಾರಿಗಾದ್ರೂ ಮಾಂಸಖಂಡದ ಕಾಯಿಲೆ ಇತ್ತಾ?"

"ನಮ್ಮಣ್ಣನಿಗೆ," ಎಂದಳು ಹೊಲಿಗೆಯಕ್ಕ. ಕೂಡಲೇ ಸೇರಿಸಿದಳು, "ಆದ್ರೆ ಇವಳು ಹೆಣ್ಣುಮಗು."

ಮತ್ತೆ ರಕ್ತ ತೆಗೆದರು. ಕೆಲವು ವಾರ ಕಳೆದು ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರಮ್ಮ ಅಡ್ಡಗೋಡೆಯ ಮೇಲೆ ದೀಪ ಇಡದೆ ನೇರವಾಗಿ ಹೇಳಿದರು. ಹೆಣ್ಣುಮಕ್ಕಳಿಗೆ ಎಕ್ಸ್ ಎನ್ನುವ ಕ್ರೋಮೋಸೋಮ್ ಎರಡಿರುತ್ತದೆ, ತಾಯಿಯದೊಂದು, ತಂದೆಯದೊಂದು. ಒಂದರಲ್ಲಿ ದೋಷವಿದ್ದರೂ ಇನ್ನೊಂದು ಸಂಭಾಳಿಸುತ್ತದೆ, ಅದಕ್ಕೇ ನಿಮಗೆ ಏನೂ ಆಗಿಲ್ಲ. ಈ ಮಗುವಿಗೆ ಬಂದಿರುವುದೇ ಒಂದು. ಅವಳು ಗಿಡ್ಡವಾಗಿರುವುದು, ಹುಟ್ಟಿದಾಗ ಕೈಕಾಲು ಊದಿದ್ದು ಎಲ್ಲ ಅದರಿಂದ. ಆ ಬಂದಿರುವ ಒಂದು ತಾಯಿಯದು.

"ಅದೂ ಕೆಟ್ಟಿದ್ದು," ಎಂದಳು ಹೊಲಿಗೆಯಕ್ಕ. ಗಿರಾಕಿಯ ಅಳತೆ ಗಟ್ಟಿಯಾಗಿ ಹೇಳುವ ಧ್ವನಿಯಲ್ಲೇ ಹೇಳಿದಳು. ಅವಳಿಗೆ ಅರ್ಥವಾಗಿತ್ತು. ಕೋಟಿನ ಮೇಲ್ಬಟ್ಟೆ ಹರಿದಿದ್ದರೂ ಒಳಗೆ ಲೈನಿಂಗ್ ಇದ್ದರೆ ಮೈ ಕಾಣುವುದಿಲ್ಲ. ತನಗೆ ಲೈನಿಂಗ್ ಇತ್ತು. ಮಗಳ ಕೋಟಿಗೆ ಲೈನಿಂಗ್ ಹಾಕದೆಯೇ ಕಳಿಸಿದ್ದಾರೆ.

ಇದು ತುಂಬಾ ಅಪರೂಪ, ಎರಡೂ ಒಂದೇ ಮಗುವಿಗೆ ಬರುವುದು ಎಂದರು ಡಾಕ್ಟರಮ್ಮ. ಅಪರೂಪ ಎನ್ನುವುದರಲ್ಲಿ ಯಾರಿಗೆ ಏನು ಸಮಾಧಾನವೋ, ಡಾಕ್ಟರುಗಳು ಮಾತ್ರ ಆ ಮಾತನ್ನು ಉಡುಗೊರೆಯ ಹಾಗೆ ಕೈಗಿಡುತ್ತಾರೆ. ವಾಸಿಯಾಗುವುದಿಲ್ಲ ಎಂದರು. ಆದರೆ ಈಗ ಮಾತ್ರೆ ಇದೆ, ನಡೆಯುವ ವರ್ಷಗಳನ್ನು ಸ್ವಲ್ಪ ಹೆಚ್ಚಿಸುತ್ತದೆ, ಅದರಿಂದ ಎತ್ತರ ಬೆಳೆಯುವುದು ಇನ್ನಷ್ಟು ಕುಂಠಿತವಾಗಬಹುದು, ಆದರೂ ಕೊಡಲೇಬೇಕು. ಒಂದೆರಡು ವರ್ಷ ಮೊದಲೇ ಕರೆದುಕೊಂಡು ಬಂದಿದ್ದರೆ ಇನ್ನೂ ಉಪಯೋಗ ಆಗುತ್ತಿತ್ತು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು: ಇವಳು ದೊಡ್ಡವಳಾದಮೇಲೆ ಮಕ್ಕಳಾಗುವುದು ಕಷ್ಟ. ಹೊಲಿಗೆಯಕ್ಕ ಅದನ್ನೂ ಕೇಳಿಸಿಕೊಂಡಳು. ಅಣ್ಣನ ಕಾಯಿಲೆ ಈ ಮನೆಯಲ್ಲಿ ನಿಲ್ಲಬೇಕು ಎಂದು ಬಯಸಿದ್ದವಳಲ್ಲವೇ, ನಿಂತಿತು. ಮಗಳ ಹತ್ತಿರ ಬಂದು ನಿಂತಿತು.

ಅಳು ಬರಲಿಲ್ಲ. ಗಂಡ ಹೊರಗೆ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡಾಗ ಅವಳು ಪಕ್ಕದಲ್ಲಿ ನಿಂತು ಅವನ ಅಂಗಿಯ ಕಾಲರು ಸವೆದಿರುವುದನ್ನು ನೋಡಿದಳು, ತಿರುಗಿಸಿ ಹೊಲಿಯಬೇಕು ಅಂದುಕೊಂಡಳು. ಮಧ್ಯಾಹ್ನ ಅಂಗಡಿಗೆ ಹೋದಳು. ಅಲ್ಲಿ ಪ್ಯಾಂಟುಗಳಿದ್ದವು, ಪ್ಯಾಂಟುಗಳ ಕೆಲಸ ಮಾಡಿದಳು. ಮರುದಿನವೂ ಹಾಗೆಯೇ. ಊಟ ಗಂಟಲಲ್ಲಿ ಇಳಿಯುತ್ತಿತ್ತು, ನಿದ್ದೆ ಬರುತ್ತಿತ್ತು. ತನಗೆ ಏನೂ ಆಗುತ್ತಿಲ್ಲವಲ್ಲ ಎಂದು ಒಂದೊಂದು ಸಲ ಅವಳಿಗೆ ಭಯವಾಗುತ್ತಿತ್ತು. ಆ ಭಯವೂ ಅರ್ಧಕ್ಕೇ ನಿಲ್ಲುತ್ತಿತ್ತು. ಸೂಜಿ ಬೆರಳಿಗೆ ಚುಚ್ಚಿ ಬಿಳಿ ಅಂಗಿಗೆ ರಕ್ತ ಹತ್ತಿದಮೇಲೆ ಚುಚ್ಚಿದ್ದು ಗೊತ್ತಾಯಿತು. ಒಬ್ಬ ಗಿರಾಕಿಯ ಪ್ಯಾಂಟನ್ನು ಒಮ್ಮೆ ಗಿಡ್ಡ ಮಾಡಿ, ಮಾಡಿದ್ದು ಮರೆತು, ಅದೇ ಗುರುತು ನೋಡಿ ಇನ್ನೊಮ್ಮೆ ಕತ್ತರಿಸಿದಳು. ಅವನು ಪರದೆ ಸರಿಸಿ ಹೊರಗೆ ಬಂದು ತನ್ನ ಕಾಲು ನೋಡಿಕೊಂಡು, "ಅಕ್ಕ, ಊರಿಗೆ ನೀರು ನುಗ್ಗುತ್ತೆ ಅಂತ ಸುದ್ದಿ ಇದೆಯಾ?" ಎಂದ. ಒಳ್ಳೆಯ ಮನುಷ್ಯ. ಅವಳು ಬಗ್ಗಿ, ಬಿಚ್ಚಿ ಇಳಿಸಿಕೊಡ್ತೀನಿ ಎಂದಳು. ಕತ್ತರಿಸಿ ಎಸೆದ ಬಟ್ಟೆ ಎಲ್ಲಿಂದ ಇಳಿಯಬೇಕು? ಅಂಗಡಿಯವರು ಬೇರೆ ಪ್ಯಾಂಟು ಕೊಟ್ಟು ಕಳಿಸಿದರು.

ಗಂಡ ತಮಾಷೆ ನಿಲ್ಲಿಸಿದ. ಯಾರಿಗೂ ಹೇಳದೆ ಕೇಳದೆ ಒಂದು ದಿನ ಡ್ರಿಲ್ ತಂದು ಮೆಟ್ಟಿಲಿನ ಗೋಡೆಗೆ ಇನ್ನೊಂದು ಕಂಬಿ ಹಾಕಿದ, ಬಟನ್‌ನ ಕೈಗೆ ಎಟುಕುವ ಎತ್ತರದಲ್ಲಿ. "ಅತ್ತೆಗೆ ಯಾವಾಗ ಹೇಳ್ತೀಯ?" ಎಂದು ಕೇಳಿದ.

"ಹೇಳ್ತೀನಿ."

ಅದೊಂದೇ ಅವಳಿಗೆ ಉಳಿದ ಕಷ್ಟ. ಉಳಿದದ್ದೆಲ್ಲ ನಡೆದು ಹೋಗುತ್ತಿತ್ತು. ಒಬ್ಬ ಮಗನನ್ನು ಎತ್ತಿ ಇಳಿಸಿ, ಕೊನೆಗೆ ಕಳಿಸಿಯೂ ಕೊಟ್ಟ ಹೆಂಗಸು. ಹೆಣ್ಣುಮಗು ಎಂದು ಕೇಳಿ ಆಸ್ಪತ್ರೆಯ ಗೋಡೆಗೆ ಒರಗಿ ನಿಂತವಳು. ಅವಳ ಮುಂದೆ ಕೂತು ಅದೇ ಕಾಯಿಲೆಯ ಹೆಸರು ಹೇಗೆ ಹೇಳುವುದು? ಹೇಳಿದರೆ ಅಮ್ಮ ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಮಾತ್ರೆಗಳನ್ನು ಅಮ್ಮನ ಕೈಗೇ ಕೊಟ್ಟು, ಬೆಳೆಯೋಕೆ ಕೊಟ್ಟಿದಾರೆ, ತಿಂಡಿ ಆದಮೇಲೆ ಕೊಡು ಎಂದಿದ್ದಳು. ಅಜ್ಜಿ ಒಂದು ದಿನವೂ ತಪ್ಪಿಸದೆ ಕೊಡುತ್ತಿದ್ದಳು. ಹೀಗೆ ತಿಂಗಳು ಕಳೆಯಿತು. ಶಾಲೆಯವರಿಗೆ ಗೊತ್ತು, ಅಂಗಡಿಯವರಿಗೆ ಗೊತ್ತು, ಮನೆಯೊಳಗೇ ಇರುವವಳಿಗೆ ಗೊತ್ತಿಲ್ಲ.

ಅಂಗಡಿಗೆ ವಾರದ ರಜೆ ಇದ್ದ ಒಂದು ಮಧ್ಯಾಹ್ನ, ಬಟನ್ ಶಾಲೆಯಲ್ಲಿದ್ದಾಗ, ಅಮ್ಮ ಮಗಳು ಇಬ್ಬರೇ ಕಿಟಕಿಯ ಬಳಿ ಒಂದು ಹಳೆ ಕೋಟು ಬಿಚ್ಚುತ್ತ ಕೂತಿದ್ದರು. ಒಂದು ತೋಳು ಅಮ್ಮನ ತೊಡೆಯ ಮೇಲೆ, ಇನ್ನೊಂದು ಮಗಳ ತೊಡೆಯ ಮೇಲೆ. ಮುಖ ನೋಡದೆ ಹೇಳುವುದಕ್ಕೆ ಇದಕ್ಕಿಂತ ಅನುಕೂಲ ಸಿಗುವುದಿಲ್ಲ.

"ಅಮ್ಮ, ನಿನಗೊಂದು ವಿಷಯ ಹೇಳ್ಬೇಕು."

"ಹೇಳು."

"ಬಟನ್‌ಗೆ ಅಣ್ಣನ ಕಾಯಿಲೆ."

ಬ್ಲೇಡು ನಿಲ್ಲಲಿಲ್ಲ. ಹೊಲಿಗೆಯ ಕೊನೆಯವರೆಗೆ ಹೋಗಿ, ದಾರ ಎಳೆದು, ಬೆರಳಿಗೆ ಸುತ್ತಿ ಪಕ್ಕಕ್ಕಿಟ್ಟು ಅಮ್ಮ ಹೇಳಿದಳು, "ಗೊತ್ತು."

"ಯಾರು ಹೇಳಿದ್ರು? ಅವರು ಹೇಳಿದ್ರಾ?"

"ಯಾರು ಯಾಕೆ ಹೇಳ್ಬೇಕು. ನಿನ್ನ ಅಣ್ಣ ಏಳ್ತಿದ್ದದ್ದನ್ನ ಈ ಮನೇಲಿ ನೋಡಿದವಳು ನಾನೊಬ್ಬಳೇ. ಇವಳು ಆ ಬಾಗಿಲ ಹತ್ರ ಮೊದಲನೇ ಸಲ ತೊಡೆ ಹಿಡ್ಕೊಂಡು ಎದ್ಲು ನೋಡು, ಅವತ್ತೇ ಗೊತ್ತಾಯ್ತು. ಹೆಣ್ಣಿಗೆ ಬರಲ್ಲ ಅಂದಿದ್ರಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಕಣ್ಣು ಕೇಳಲಿಲ್ಲ."

ಹೊಲಿಗೆಯಕ್ಕ ಕೋಟಿನಿಂದ ಕೈ ತೆಗೆದಳು. ಅವಳಿಗೆ ಏನೋ ತಿಳಿಯುತ್ತಿತ್ತು, ಆದರೆ ಎಲ್ಲೋ ದೂರದಲ್ಲಿ ತಿಳಿಯುತ್ತಿತ್ತು.

"ನನ್ನ ಮಂಡಿಗೆ ಯಾವತ್ತೂ ನೋವು ಬಂದಿಲ್ಲ ಕಣೆ," ಎಂದಳು ಅಮ್ಮ.

ಹಾಗೆ ಹೇಳಿ ಬ್ಲೇಡು ಕಿಟಕಿಯ ಮೇಲಿಟ್ಟು ಎದ್ದಳು. ನೆಲಕ್ಕೆ ಕೈ ಊರಲಿಲ್ಲ, ಮಂಡಿ ಮುಟ್ಟಲಿಲ್ಲ. ಮಡಚಿ ಕೂತಿದ್ದ ಮುದುಕಿ ಸುಮ್ಮನೆ ಎದ್ದು ನಿಂತಳು. ಒಳಗೆ ಹೋಗಿ ನೀರು ತಂದು ಮಗಳ ಮುಂದಿಟ್ಟಳು.

"ಯಾಕಮ್ಮ?"

"ನಿನ್ನ ಅಣ್ಣನಿಗೆ ಇದು ಅಂತ ಗೊತ್ತಾದಾಗ ಅವನು ಇನ್ನೂ ಓಡಾಡ್ತಿದ್ದ. ಗೊತ್ತಾದ ಮೇಲೆ ನಾನು ಅವನ ಜೊತೆ ಒಂದು ದಿನಾನೂ ನೆಟ್ಟಗೆ ನಗಲಿಲ್ಲ. ಅವನು ಆಡ್ತಾ ಇದ್ರೆ ಯಾವಾಗ ಬೀಳ್ತಾನೆ ಅಂತ ಕಾಯ್ಕೊಂಡು ನಿಂತಿರ್ತಿದ್ದೆ. ಆ ವರ್ಷಗಳೆಲ್ಲ ಹಾಗೇ ಹೋದ್ವು. ಅವನು ನಡೆದದ್ದು ಆ ವರ್ಷಗಳಲ್ಲೇ." ಅಮ್ಮ ಬಗ್ಗಿ ಲೋಟವನ್ನು ಇನ್ನೊಂದು ಸ್ವಲ್ಪ ಮಗಳ ಕಡೆಗೆ ಸರಿಸಿದಳು. "ಮದ್ದಿಲ್ಲದ ಕಾಯಿಲೆ. ಗೊತ್ತು ಮಾಡ್ಕೊಂಡು ಏನು ಮಾಡ್ತೀಯ? ನೀನಾದ್ರೂ ನಗ್ತಾ ಇರು ಅನ್ನಿಸ್ತು. ಅವಳು ಹಾಗೆ ಏಳೋದನ್ನ ಯಾರಾದ್ರೂ ಕೇಳಿದ್ರೆ ಒಂದು ಕಾರಣ ಬೇಕಿತ್ತಲ್ಲ."

ಹೊಲಿಗೆಯಕ್ಕ ಕೋಪಕ್ಕಾಗಿ ಒಳಗೆಲ್ಲ ತಡಕಿದಳು, ಸಿಗಲಿಲ್ಲ. ಹಾಗಾಗಿ ವಿಷಯವನ್ನಷ್ಟೇ ಹೇಳಿದಳು. "ಮದ್ದಿಲ್ಲದೆ ಇಲ್ಲಮ್ಮ. ವಾಸಿ ಆಗಲ್ಲ. ಆದ್ರೆ ಮಾತ್ರೆ ಇದೆ. ಮುಂಚೆನೇ ಶುರು ಮಾಡಿದ್ರೆ ನಡಿಯೋ ವರ್ಷ ಜಾಸ್ತಿ ಸಿಗ್ತಿತ್ತಂತೆ."

ಅಮ್ಮ ಮೊದಲ ಸಲ ಮಗಳ ಮುಖ ನೋಡಿದಳು.

"ಮಾತ್ರೆ ಇದೆಯಾ?"

"ದಿನಾ ನೀನೇ ಕೊಡ್ತಿದೀಯಲ್ಲ. ಬಿಳೀದು."

ಅಮ್ಮ ಕುರ್ಚಿಯ ಹಿಡಿ ಹುಡುಕಿ ಕೂತಳು. ಮಗನ ಕಾಲದಿಂದ ಎದೆಯೊಳಗೆ ಬೀಗ ಹಾಕಿ ಇಟ್ಟುಕೊಂಡಿದ್ದ ಲೋಕ ಅವಳದು. ಆ ಲೋಕದಲ್ಲಿ ಈ ಕಾಯಿಲೆಗೆ ಮಾತ್ರೆ ಇರಲಿಲ್ಲ, ಹೊರಗೆ ಏನಾದರೂ ಬದಲಾಗಿರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಮಗಳಿಗೆ ನಗುವ ವರ್ಷ ಕೊಡಲು ಹೋಗಿ ಮೊಮ್ಮಗಳ ನಡೆಯುವ ವರ್ಷ ಕಿತ್ತುಕೊಂಡಿದ್ದಳು. ಅದು ಅವಳಿಗೆ ಅರ್ಥವಾಗುವುದನ್ನು ಹೊಲಿಗೆಯಕ್ಕ ಎದುರಿಗೆ ಕೂತು ನೋಡಿದಳು. "ನನ್ನ ಕಾಲದಲ್ಲಿ ಇರಲಿಲ್ಲ," ಎಂದಳು ಅಮ್ಮ. ಅದನ್ನೇ ಮತ್ತೆ ಹೇಳಿದಳು.

ಕೆಳಗೆ ಶಾಲೆಯ ವ್ಯಾನ್ ನಿಂತ ಸದ್ದಾಯಿತು. ಹಿಂದೆಯೇ "ಅಜ್ಜೀ" ಎಂಬ ಕೂಗು. ದಿನವೂ ಕೆಳಗಿಳಿದು ಕರೆತರುವವಳು ಅಜ್ಜಿಯೇ. ಅವಳು ಕೂತೇ ಇದ್ದಳು. ಕೂಗು ಮತ್ತೆ ಬಂತು. ಅಜ್ಜಿ ಎದ್ದಳು, ಬಾಗಿಲ ಮೊಳೆಗೆ ನೇತುಹಾಕಿದ್ದ ಎಲಾಸ್ಟಿಕ್ ಪಟ್ಟಿ ತೆಗೆದು ಬಲಮಂಡಿಗೆ ಏರಿಸಿಕೊಂಡಳು. ನಿನ್ನೆ ಅದು ಎಡಮಂಡಿಯಲ್ಲಿತ್ತು. ಬಾಗಿಲು ತೆರೆದಿಟ್ಟು ಇಳಿದು ಹೋದಳು.

ಹೊಲಿಗೆಯಕ್ಕ ಮೆಟ್ಟಿಲಿನ ಮೇಲ್ತುದಿಗೆ ಬಂದು ನಿಂತಳು. ಕೆಳಗಿನಿಂದ ಮಾತು ಕೇಳಿಸುತ್ತಿತ್ತು.

"ಅಯ್ಯೋ, ಸ್ವಲ್ಪ ನಿಲ್ಲು ಪುಟ್ಟಿ. ಈ ಹಾಳು ಮಂಡಿ."

"ನಿಧಾನ ಅಜ್ಜಿ. ಅರ್ಜೆಂಟ್ ಏನಿಲ್ಲ."

"ಕೈ ಹಿಡ್ಕೋ ನನ್ನ. ಬಿದ್ದುಬಿಡ್ತೀನಿ ನಾನು."

ಈಗಷ್ಟೇ ಎಲ್ಲ ತಿಳಿದಮೇಲೂ, ಮಾತ್ರೆಯ ವಿಷಯ ಕೇಳಿದಮೇಲೂ, ಆ ಮುದುಕಿ ತನ್ನ ನಾಟಕದ ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಹೊಲಿಗೆಯಕ್ಕನ ಎದೆಯಲ್ಲಿ ಆಸ್ಪತ್ರೆಯಿಂದ ಬಂದಂದಿನಿಂದ ಗಟ್ಟಿಯಾಗಿ ಕೂತಿದ್ದದ್ದು ಆಗ ಒಡೆಯಿತು. ಅವಳಿಗೆ ನೋವಾಯಿತು, ಮಗಳಿಗಾಗಿ, ಅಣ್ಣನಿಗಾಗಿ, ಎಲ್ಲರಿಗಿಂತ ಹೆಚ್ಚಾಗಿ ಅಮ್ಮನಿಗಾಗಿ. ಕಣ್ಣು ಒರೆಸಿಕೊಳ್ಳದೆ ನಡುವಿನ ತಿರುವಿನವರೆಗೆ ಇಳಿದಳು.

"ಸಾಕು ಬಿಡಮ್ಮ," ಎಂದಳು. "ಇನ್ನು ಬೇಡ."

ಅಜ್ಜಿ ಕಂಬಿ ಹಿಡಿದು ತಲೆ ತಗ್ಗಿಸಿ ನಿಂತಳು. ಬಟನ್ ಸುಸ್ತಾಗಿ ಮೆಟ್ಟಿಲ ಮೇಲೆ ಕೂತಳು, ಕೂತು ಒಬ್ಬರಾದಮೇಲೆ ಒಬ್ಬರ ಮುಖ ನೋಡಿದಳು. ದೊಡ್ಡವರ ಜಗಳ ಬಿಡಿಸುವ ಕೆಲಸ ತನ್ನ ತಲೆಗೇ ಬಂತಲ್ಲ ಎನ್ನುವ ಹಾಗಿತ್ತು ಅವಳ ಮುಖ.

"ಅಜ್ಜಿಗೆ ಬೈಬೇಡ ಅಮ್ಮ. ಅಜ್ಜಿಗೆ ನೋವಿಲ್ಲ ಅಂತ ನನಗೆ ಗೊತ್ತು. ನೀವ್ಯಾರೂ ಇಲ್ಲದಾಗ ಸ್ಟೂಲ್ ಹತ್ತಿ ಕಿಟಕಿ ಒರೆಸ್ತಾಳೆ."

ಅಜ್ಜಿಯ ಕೈ ಕಂಬಿಯಿಂದ ಜಾರಿತು.

"ಗೊತ್ತಿದ್ರೆ ಯಾಕೆ ಹೇಳಲಿಲ್ಲ ನೀನು?" ಎಂದಳು ಹೊಲಿಗೆಯಕ್ಕ.

"ಹೇಳಿದ್ನಲ್ಲ," ಎಂದಳು ಬಟನ್. "ಅಜ್ಜಿ ನನ್ನ ಥರ ಏಳ್ತಾಳೆ ಅಂತ ಹೇಳಿದ್ದೆ. ನೀವೆಲ್ಲ ನಕ್ಕುಬಿಟ್ರಿ. ಅಜ್ಜಿ ಒಬ್ಬಳೇ ನಗಲಿಲ್ಲ. ಆಮೇಲೆ ನನ್ನ ಜೊತೆ ಯಾರಾದ್ರೂ ಹಾಗೆ ಏಳೋರು ಇರಲಿ ಅಂತ ನಾನೂ ಸುಮ್ನಾದೆ."

ಹೊಲಿಗೆಯಕ್ಕ ಅಲ್ಲೇ ಮಗಳ ಪಕ್ಕದಲ್ಲಿ ಕೂತಳು. ಒಂದು ಮೆಟ್ಟಿಲು ಕೆಳಗೆ ಅಜ್ಜಿಯೂ ಕೂತಳು. ಬಟನ್ ಅಜ್ಜಿಯ ಮಂಡಿಯ ಪಟ್ಟಿಯನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಆಡಿದಳು. ಮೊದಲ ಮಹಡಿಯವರು ಬಾಗಿಲು ತೆರೆದು ನೋಡಿ ಏನೂ ಕೇಳದೆ ಮುಚ್ಚಿಕೊಂಡರು. ಮನೆಗೆ ಹೋಗಬೇಕಿತ್ತು, ಮಗುವಿಗೆ ಹಾಲು ಕೊಡಬೇಕಿತ್ತು, ಕೋಟು ಅರ್ಧ ಬಿಚ್ಚಿ ಬಿದ್ದಿತ್ತು. ಆದರೆ ಮೊದಲು ಯಾರು ಏಳಬೇಕು, ಹೇಗೆ ಏಳಬೇಕು ಎನ್ನುವುದು ಮೂವರಲ್ಲಿ ಒಬ್ಬರಿಗೂ ತಿಳಿಯದೆ ಬಹಳ ಹೊತ್ತು ಹಾಗೇ ಕೂತಿದ್ದರು.